ಇಪ್ಪತ್ತಮೂರನೇ ನಂಬರು

2 ಜೂನ್ 2025, ಸೋಮವಾರ

ಎಂಟು ತಿಂಗಳು ಅಲೆದ ಮೇಲೆ ಇವತ್ತು ಅನುಮತಿ ಪತ್ರ ಕೈಗೆ ಬಂತು. ಪೀಣ್ಯದ ಒಂದು ಪ್ಲೇಟಿಂಗ್ ಕಾರ್ಖಾನೆ, ನಲವತ್ತು ಕೆಲಸಗಾರರು. ಕಬ್ಬಿಣದ ಸಾಮಾನಿಗೆ ಕ್ರೋಮ್ ಹೊಳಪು ಕೊಡುವ ತೊಟ್ಟಿಗಳ ಮುಂದೆ ದಿನವಿಡೀ ನಿಲ್ಲುವವರು. ಎಲ್ಲರ ಕೈಯಲ್ಲೂ ತುರಿಕೆ, ಹಳೆಯ ಗಾಯ. ನನಗೆ ಬೇಕಾಗಿರುವುದು ಅಂಥ ಚರ್ಮವೇ.

ಮೂವತ್ತೊಂದು ವರ್ಷದಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿ, ಮೈಗೆ ಕಷ್ಟ ಬಂದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುತ್ತದೆ. ಚರ್ಮದ ಜೀವಕೋಶಗಳೂ ಅವೇ ಸಂಕೇತಗಳನ್ನು ತಮ್ಮೊಳಗೆ ಕಳಿಸಿಕೊಂಡು ಅದೇ ಹಾರ್ಮೋನನ್ನು ತಮ್ಮ ಮಟ್ಟಿಗೆ ತಯಾರಿಸಿಕೊಳ್ಳುತ್ತವೆ. ಚರ್ಮ ಸದಾ ಗಾಯಗೊಂಡಿದ್ದರೆ ಆ ಸುದ್ದಿ ಒಳಗಿನ ಗ್ರಂಥಿಗೂ ಮುಟ್ಟಿ ಅದು ತನ್ನ ಕೆಲಸ ತಗ್ಗಿಸುತ್ತದೆ ಎಂಬುದು ನನ್ನ ವಾದ. ಇಲಿಗಳಲ್ಲಿ ತೋರಿಸಿದೆ. ಮನುಷ್ಯರಲ್ಲಿ ತೋರಿಸಿ ಎಂದು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾರೆ.

ಸೆಪ್ಟೆಂಬರಿನಲ್ಲಿ ವಿಯೆನ್ನಾದ ಸಮ್ಮೇಳನ, ಫೆಬ್ರವರಿಯಲ್ಲಿ ನಿವೃತ್ತಿ. ಅಷ್ಟರೊಳಗೆ ತೋರಿಸುತ್ತೇನೆ.

5 ಜೂನ್, ಗುರುವಾರ

ಬೆಳಿಗ್ಗೆ ಆರಕ್ಕೆ ಕುಂದಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಪೀಣ್ಯಕ್ಕೆ ಹೋದೆವು, ನಾನು ಮತ್ತು ಶಿವಾನಿ. ಅವಳ ಪಿಎಚ್‌ಡಿಯ ಮೂರನೇ ವರ್ಷ. ಅವಳ ಪ್ರಬಂಧವೂ ಈ ನಲವತ್ತು ಜನರ ಮೇಲೆಯೇ ನಿಂತಿದೆ.

ಶೆಡ್ಡಿನ ಮೇಲ್ವಿಚಾರಕ ಚಿಕ್ಕಬೈರಪ್ಪ ಹದಿನೈದೇ ನಿಮಿಷ ಕೊಟ್ಟ. ಒಬ್ಬೊಬ್ಬರಿಗೂ ಒಂದೊಂದು ನಂಬರು ಕೊಟ್ಟು ನಿಯಮ ಓದಿ ಹೇಳಿದೆ. ಎರಡು ಸುತ್ತು ಪರೀಕ್ಷೆ, ಹತ್ತೊಂಬತ್ತಕ್ಕೆ ಮತ್ತು ಇಪ್ಪತ್ತೇಳಕ್ಕೆ. ಎರಡೂ ಮುಗಿಯುವವರೆಗೆ ಚರ್ಮಕ್ಕೆಂದು ಹಚ್ಚುವ, ನುಂಗುವ ಎಲ್ಲವನ್ನೂ ನಿಲ್ಲಿಸಬೇಕು. ಬಿಪಿ, ಸಕ್ಕರೆ ಮಾತ್ರೆಗಳಿಗೆ ಮಾತ್ರ ವಿನಾಯಿತಿ. ಕಾರ್ಟಿಸಾಲ್ ಅಳೆಯಲು ಉಗುಳು ಕೊಡಬೇಕು ಎಂದಾಗ ಎಲ್ಲರೂ ನಕ್ಕರು.

ಇಪ್ಪತ್ತಮೂರನೇ ನಂಬರಿನವನು ಲಿಂಗಸುಗೂರು ಕಡೆಯವನು. ತುರಿಕೆಯ ಗುಳಿಗೆಯನ್ನೂ ಬಿಡಬೇಕೇ ಎಂದು ಕೇಳಿದ. ಹೌದು, ಎಲ್ಲ, ಎಂದೆ. ಯಾವ ಗುಳಿಗೆ ಎಂದು ಎಲ್ಲರಿಂದಲೂ ಬರೆಸಿಕೊಳ್ಳೋಣವೇ ಎಂದಳು ಶಿವಾನಿ. ಅರ್ಜಿಯೇ ಆರು ಪುಟ ಇದೆ, ಹದಿನೈದು ನಿಮಿಷದಲ್ಲಿ ಇದೊಂದು ಬೇರೆ ಬೇಡ ಎಂದೆ.

ಇಬ್ಬರು ಮೂವರು ಕಾಲು, ಬೆನ್ನು ತೋರಿಸಲು ಬಂದರು. ನಾನು ಆ ಥರದ ಡಾಕ್ಟರ್ ಅಲ್ಲ ಎಂದು ಹೇಳಿ ಕಳಿಸಿದೆ. ಇದನ್ನೊಂದು ಫಲಕದಲ್ಲಿ ಬರೆಸಿ ಕುತ್ತಿಗೆಗೆ ಹಾಕಿಕೊಳ್ಳಬೇಕು.

19 ಜೂನ್, ಗುರುವಾರ

ಮೊದಲ ಸುತ್ತು. ಮೂವತ್ತೊಂಬತ್ತು ಜನರದು ಸಲೀಸಾಗಿ ಆಯಿತು. ಮುಂಗೈಗೆ ಅಂಟುಪಟ್ಟಿ ಒತ್ತಿ ಕಿತ್ತರೆ ಚರ್ಮದ ಮೇಲ್ಪದರ ತೆಳ್ಳಗೆ ಅಂಟಿಕೊಂಡು ಬರುತ್ತದೆ, ನೋವಿಲ್ಲ. ಆದರೆ 23ರದು ಕಿತ್ತ ಕಡೆ ರಕ್ತ ಜಿನುಗಿತು, ಸುತ್ತ ನೀಲಿಗಟ್ಟಿತು. ಕ್ರೋಮ್ ಚರ್ಮವನ್ನು ಇಷ್ಟು ತೆಳ್ಳಗೆ ಮಾಡುತ್ತದೆಯೇ? ಟಿಪ್ಪಣಿ ಹಾಕಿದ್ದೇನೆ. ದುಂಡು ಮುಖ, ದಪ್ಪ ಹೊಟ್ಟೆ, ಕೈಕಾಲು ಮಾತ್ರ ಕಡ್ಡಿ. ಉಗುಳು ಕೊಡುವಾಗ ಗೋಡೆ ಹಿಡಿದು ನಿಂತಿದ್ದ. ಬೆಳಿಗ್ಗೆ ತಿಂದದ್ದು ವಾಂತಿಯಾಯಿತಂತೆ. ಇವನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಯೋಚಿಸಿ ಇಟ್ಟುಕೊಂಡೆ. ಮೂವತ್ತೊಂಬತ್ತು ಎಂದರೆ ಲೆಕ್ಕಾಚಾರಕ್ಕೆ ಸಾಲದು.

25 ಜೂನ್, ಬುಧವಾರ

ಫಲಿತಾಂಶ ಬಂದಿದೆ. ನಾನು ಅಂದುಕೊಂಡ ದಿಕ್ಕಿನಲ್ಲೇ ಇದೆ. ಗಾಯ ಹೆಚ್ಚಿದ್ದವರಲ್ಲಿ ಬೆಳಗಿನ ಕಾರ್ಟಿಸಾಲ್ ಕಡಿಮೆ. ಮನೆಯಲ್ಲಿ ಯಜಮಾನರಿಗೆ ಹೇಳಿದೆ, ಲಿಂಗಪೂಜೆಗೆ ಕೂತಿದ್ದವರು ಕಣ್ಣು ತೆರೆದು ನಕ್ಕು ಮತ್ತೆ ಮುಚ್ಚಿಕೊಂಡರು.

ಒಂದೇ ಕಿರಿಕಿರಿ 23. ಅವನದು ಹೆಚ್ಚು ಕಡಿಮೆ ಸೊನ್ನೆ. ಬದುಕಿರುವ ಮನುಷ್ಯನ ಉಗುಳಿನಲ್ಲಿ ಬೆಳಿಗ್ಗೆ ಎಂಟಕ್ಕೆ ಅಷ್ಟು ಕಡಿಮೆ ಬರುವುದಿಲ್ಲ. ಮಾದರಿ ಕೆಟ್ಟಿದೆ, ಬಿಟ್ಟುಬಿಡು ಎಂದೆ. ಶಿವಾನಿ ಮೂರು ಸಲ ಮಾಡಿ ನೋಡಿದಳಂತೆ, ಮೂರರಲ್ಲೂ ಅದೇ. ಹಾಗಾದರೆ ಇಪ್ಪತ್ತೇಳಕ್ಕೆ ಹೊಸದು ತೆಗೆದುಕೊಂಡರಾಯಿತು.

ವಿಯೆನ್ನಾಕ್ಕೆ ಸಾರಾಂಶ ಕಳಿಸಿದೆ.

27 ಜೂನ್, ಶುಕ್ರವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಎರಡನೇ ಸುತ್ತಿಗೆ 23 ಬಂದಿರಲಿಲ್ಲ. ಚಿಕ್ಕಬೈರಪ್ಪನನ್ನು ಕೇಳಿದರೆ, “ಉಸಾರಿಲ್ವಂತೆ ಮೇಡಂ, ಎರಡ್ ದಿನದಿಂದ ರೂಮಲ್ಲೇ ಬಿದ್ದವ್ನೆ. ಇವ್ರದೆಲ್ಲಾ ಇಂಗೇ,” ಎಂದ. ಸಿಟ್ಟು ಬಂತು. ಉಳಿದವರದು ಮುಗಿಸಿ, ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹತ್ತು ಗಂಟೆಯ ರೈಲಿನಲ್ಲಿ ಹೊರಟೆವು.

ಯಶವಂತಪುರ ದಾಟಿದ ಮೇಲೆ ಶಿವಾನಿ ಸುಮ್ಮನೆ ಕೇಳಿದಳು. ಮಾದರಿ ಕೆಟ್ಟಿಲ್ಲದಿದ್ದರೆ, ಸೊನ್ನೆ ಬರಲು ಬೇರೆ ಏನು ಕಾರಣ ಇರಬಹುದು ಮೇಡಂ? ಪಾಠ ಹೇಳುವ ಅಭ್ಯಾಸದಲ್ಲಿ ಹೇಳತೊಡಗಿದೆ. ಒಂದು, ಗ್ರಂಥಿಯೇ ಹಾಳಾಗಿರಬೇಕು. ಎರಡು, ಹೊರಗಿನಿಂದ ಕಾರ್ಟಿಸಾಲ್‌ನಂಥದೇ ಸ್ಟೀರಾಯ್ಡ್ ಔಷಧ ಬಹಳ ಕಾಲ ಹೋಗುತ್ತಿದ್ದರೆ ಮೆದುಳು ಗ್ರಂಥಿಗೆ ಸಂಕೇತ ಕಳಿಸುವುದನ್ನು ನಿಲ್ಲಿಸುತ್ತದೆ. ಗ್ರಂಥಿ ನಿದ್ದೆ ಹೋಗುತ್ತದೆ. ಆಮೇಲೆ ಹೊರಗಿನದನ್ನು ಒಮ್ಮೆಲೇ ನಿಲ್ಲಿಸಿದರೆ ಮೈಯಲ್ಲಿ ಎರಡೂ ಇರುವುದಿಲ್ಲ. ವಾಂತಿ, ಸುಸ್ತು, ರಕ್ತದೊತ್ತಡ ಕುಸಿತ. ಅದರ ಮೇಲೆ ಒಂದು ಜ್ವರ ಬಂದರೂ ಸಾಕು.

ಅಲ್ಲಿಗೆ ನನ್ನ ಮಾತು ನಿಂತಿತು. ದುಂಡು ಮುಖ. ಕಿತ್ತುಬಂದ ಚರ್ಮ. ತುರಿಕೆಯ ಗುಳಿಗೆ. ಇದನ್ನು ಇಪ್ಪತ್ತೆಂಟು ತಂಡದ ವಿದ್ಯಾರ್ಥಿಗಳಿಗೆ ಕಲಿಸಿದ್ದೇನೆ.

ಮೆಜೆಸ್ಟಿಕ್‌ನಲ್ಲಿ ಡಬ್ಬಿಯನ್ನು ಶಿವಾನಿಯ ಕೈಗಿಟ್ಟು ಎದುರಿನ ರೈಲು ಹತ್ತಿದೆ. ಅರ್ಜಿಯಲ್ಲಿ ವಿಳಾಸವಿತ್ತು, ಹೆಸರೂ ಇತ್ತು. ಬಸಲಿಂಗ, ಮೂವತ್ತಾರು ವರ್ಷ.

ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಶೀಟು ಹೊದಿಸಿದ ಕೋಣೆಗಳ ಸಾಲು. ಚಾಪೆಯ ಮೇಲೆ ಮಲಗಿದ್ದ. ಹೆಂಡತಿ ಲಕ್ಷ್ಮವ್ವ ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದಳು. ಮೂರು ದಿನದಿಂದ ಜ್ವರ, ನೀರು ಕುಡಿದರೂ ವಾಂತಿ. ನಾಡಿ ಹಿಡಿದರೆ ಸಿಗುತ್ತಲೇ ಇರಲಿಲ್ಲ. ಯಾವ ಗುಳಿಗೆ ಎಂದು ಕೇಳಿದೆ. ಗೂಡಿನಿಂದ ಕಾಗದದ ಪೊಟ್ಟಣ ತೆಗೆದುಕೊಟ್ಟಳು. ಹೆಸರಿಲ್ಲದ ಪುಟ್ಟ ಬಿಳಿ ಗುಳಿಗೆಗಳು. ಓಣಿಯ ತುದಿಯ ಮೆಡಿಕಲ್ ಶಾಪಿನವನು ಕೊಡುವುದಂತೆ, ಎರಡು ವರ್ಷದಿಂದ, ದಿನಕ್ಕೆರಡು.

“ಇದನ್ನ ತಗೊಂಡ್ರ ತುರಿಕಿ ಇರಂಗಿಲ್ರಿ, ಊಟಾನೂ ಚಲೋ ಹೋಗ್ತದ,” ಎಂದಳು. “ಮೇಡಂನೋರು ಪರೀಕ್ಷಾ ಮುಗಿಯೂತನಕ ಏನೂ ತಗೋಬ್ಯಾಡ ಅಂದಾರ ಅಂತ ಬಿಟ್ಟಾನ್ರಿ. ಮೈಯಾಗ ಆರಾಮಿಲ್ಲ ತಗೋ ಅಂತ ನಾ ಕೊಟ್ರೂ ತಗೊಳ್ಳಿಲ್ಲ.”

ಆ ಮೇಡಂ ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಪಕ್ಕದ ಕೋಣೆಯ ಭರಮಪ್ಪ ಆಟೋ ತಂದ. ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದವರು ಡಾ. ಸಿದ್ಧಾರ್ಥ್ ಎಂಬ ಯುವಕ. ಹೊಟ್ಟೆಯ ಸೋಂಕು, ನೀರು ಕಡಿಮೆಯಾಗಿದೆ, ಡ್ರಿಪ್ ಹಾಕಿ ರಕ್ತದ ವರದಿ ಬರಲಿ ಎಂದರು. ಕಾಯುವ ಹಾಗಿಲ್ಲ, ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್ ಈಗಲೇ ಕೊಡಿ ಎಂದೆ. ನೀವು ಯಾವ ವಿಭಾಗದ ಡಾಕ್ಟರ್ ಎಂದು ಕೇಳಿದರು.

“ನಾನು ವೈದ್ಯೆಯಲ್ಲ. ಈ ಒಂದು ಗ್ರಂಥಿಯನ್ನ ಮೂವತ್ತೊಂದು ವರ್ಷ ನೋಡಿದ್ದೀನಿ. ನನ್ನ ಊಹೆ ತಪ್ಪಾಗಿದ್ರೆ ಒಂದು ಇಂಜೆಕ್ಷನ್‌ನಿಂದ ಇವರಿಗೇನೂ ಆಗಲ್ಲ. ಸರಿಯಾಗಿದ್ದು ನೀವು ಕಾದ್ರೆ ಉಳಿಯಲ್ಲ.”

ಅವರು ಪೊಟ್ಟಣ ಬಿಡಿಸಿ ನೋಡಿದರು. ಅಂಗಿ ಎತ್ತಿ ಹೊಟ್ಟೆಯ ಮೇಲಿನ ನೇರಳೆ ಗೀರುಗಳನ್ನು ನೋಡಿದರು. ನರ್ಸನ್ನು ಕರೆದು ಇಂಜೆಕ್ಷನ್ ತರಿಸಿದರು.

ಮೂರು ಗಂಟೆಗೆ ಬಸಲಿಂಗ ಕಣ್ಣು ಬಿಟ್ಟು ಹಸಿವು ಎಂದ. ಲಕ್ಷ್ಮವ್ವ ನನ್ನ ಕಾಲು ಮುಟ್ಟಿದಳು. ನಾನು ಅವಳನ್ನು ತಡೆಯಲಿಲ್ಲ. ಆ ಮೇಡಂ ನಾನೇ ಎನ್ನಲೂ ಇಲ್ಲ.

28 ಜೂನ್, ಶನಿವಾರ

ಗುಳಿಗೆ ಬಿಡು ಎಂದವಳು ನಾನು. ಕೇಳೋಣವೇ ಎಂದು ಶಿವಾನಿ ಕೇಳಿದಾಗ ಬೇಡ ಎಂದವಳೂ ನಾನು.

29 ಜೂನ್, ಭಾನುವಾರ

ಬಸಲಿಂಗ ಎದ್ದು ಕೂತಿದ್ದ. ಗ್ರಂಥಿ ನಿದ್ದೆ ಹೋದದ್ದನ್ನು ವಿವರಿಸಿದೆ. ಗುಳಿಗೆಯನ್ನು ಡಾಕ್ಟರ್ ಹೇಳಿದ ಲೆಕ್ಕದಲ್ಲಿ ತಿಂಗಳುಗಟ್ಟಲೆ ಸಾವಕಾಶವಾಗಿ ಇಳಿಸಬೇಕು ಎಂದೆ. ಗಮನವಿಟ್ಟು ಕೇಳಿದ. ಆಮೇಲೆ, “ಹಂಗಾರ ಈಶಪ್ಪ? ಅಂವನೂ ಅದ ಅಂಗಡ್ಯಾಗ ತಗೊಂತಾನ್ರಿ. ಭರಮಪ್ಪಾನೂ. ಅವ್ರೂ ಬಿಟ್ಟಾರಲ್ರಿ,” ಎಂದ.

ಎರಡು ದಿನದಿಂದ ನನಗೆ ಇದು ಹೊಳೆದಿರಲಿಲ್ಲ. ಭರಮಪ್ಪ ಮೊನ್ನೆ ನನ್ನ ಜೊತೆಯಲ್ಲೇ ಆಟೋದಲ್ಲಿ ಕೂತಿದ್ದ. ಸಿದ್ಧಾರ್ಥ್ ಅವರಿಗೆ ತಿಳಿಸಿ, ಅಲ್ಲಿಂದ ನೇರವಾಗಿ ಅದೇ ಓಣಿಗೆ ಹೋಗಿ ಇಬ್ಬರನ್ನೂ ಹುಡುಕಿ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಈಶಪ್ಪನಿಗೆ ತಲೆಸುತ್ತು ಶುರುವಾಗಿತ್ತು. ಭರಮಪ್ಪ ಕದ್ದು ಗುಳಿಗೆ ನುಂಗುತ್ತಲೇ ಇದ್ದನಂತೆ. ಬಯ್ಯುತ್ತೀರಿ ಎಂದು ಹೇಳಿರಲಿಲ್ಲ ಎಂದ. ಒಳ್ಳೆಯದಾಯಿತು ಎಂದೆ. ಅವನಿಗೆ ಅರ್ಥವಾಗಲಿಲ್ಲ.

30 ಜೂನ್, ಸೋಮವಾರ

ಕಾರ್ಖಾನೆಯವರು ಒಳಗೆ ಬಿಡಲಿಲ್ಲ. ಕೆಲಸಗಾರನೊಬ್ಬ ಆಸ್ಪತ್ರೆ ಸೇರಿದ ಸುದ್ದಿ ಮೇಲಿನವರಿಗೆ ಮುಟ್ಟಿದೆ. ಅಧ್ಯಯನ ಸಾಕು, ಇಲ್ಲಿಂದ ಹೊರಡಿ ಎಂದರು. ಗೇಟಿನ ಎದುರಿನ ಬೇಕರಿಯಲ್ಲಿ ಕೂತೆ. ಮಧ್ಯಾಹ್ನದ ಊಟಕ್ಕೆ, ಸಂಜೆ ಪಾಳಿ ಬಿಟ್ಟಾಗ, ಬಂದವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದೆ. ಏನು ನುಂಗುತ್ತಿದ್ದಿರಿ, ಎಷ್ಟು ದಿನದಿಂದ, ನಾನು ಹೇಳಿದ ಮೇಲೆ ಬಿಟ್ಟಿರಾ. ಬಸಲಿಂಗನನ್ನೂ ಸೇರಿಸಿ ಹನ್ನೊಂದು ಜನ ಆ ಗುಳಿಗೆಯವರು. ಇಪ್ಪತ್ತು ಜನ ಸ್ಟೀರಾಯ್ಡ್ ಮುಲಾಮಿನವರು. ಹನ್ನೊಂದರಲ್ಲಿ ಆರು ಜನ ಪೂರ್ತಿ ಬಿಟ್ಟಿದ್ದರು.

ಬಸಲಿಂಗ ಮತ್ತು ಈಶಪ್ಪ ಆಸ್ಪತ್ರೆಯಲ್ಲಿದ್ದರು. ಉಳಿದ ನಾಲ್ವರೂ ಸಂಜೆಯೊಳಗೆ ಸಿದ್ಧಾರ್ಥ್ ಅವರ ಮುಂದೆ ಕೂತಿದ್ದರು.

3 ಜುಲೈ, ಗುರುವಾರ

ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿದ್ದ ನೈತಿಕ ಸಮಿತಿಗೆ ವರದಿ ಬರೆದೆ. ನಮ್ಮ ಸಂಸ್ಥೆಯ ನಿರ್ದೇಶಕರು ಕರಡನ್ನು ಓದಿ, ತಮ್ಮ ಕೈಯಲ್ಲೇ ಒಂದು ವಾಕ್ಯ ತಿದ್ದಿದರು: “ಭಾಗವಹಿಸಿದವರು ಸ್ವಯಂ ಔಷಧ ಸೇವನೆಯನ್ನು ಮುಚ್ಚಿಟ್ಟಿದ್ದರಿಂದ.” ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲೆಂದೇ ಮಾಡಿದ್ದು. ನಿವೃತ್ತಿಗೆ ಏಳು ತಿಂಗಳಿದೆ, ಇಷ್ಟು ವರ್ಷದ ಹೆಸರು, ಯೋಚಿಸಿ ಎಂದರು.

ಯೋಚಿಸಲು ಏನಿತ್ತು? ಯಾರೂ ಮುಚ್ಚಿಟ್ಟಿರಲಿಲ್ಲ. ಬಸಲಿಂಗ ನಲವತ್ತು ಜನರ ಎದುರಿಗೇ ಕೇಳಿದ್ದ. ಆ ವಾಕ್ಯ ಹೊಡೆದುಹಾಕಿ “ಯಾವ ಔಷಧ ಎಂದು ನಾನು ಕೇಳಲಿಲ್ಲ” ಎಂದು ಬರೆದೆ.

ಶಿವಾನಿಗೆ ಓದಿಸಿದೆ.  ಅವಳ ಮೂರು ವರ್ಷವೂ ಇದರೊಂದಿಗೆ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

“ಅವತ್ತು ನಾನು ಕೇಳಿದ್ದೆ ಮೇಡಂ,” ಎಂದಳು.

ನೀನು ಕೇಳಿದ್ದೆ, ನಾನು ಬೇಡ ಅಂದೆ, ಎಂದೆ. ಅದನ್ನೂ ವರದಿಗೆ ಸೇರಿಸಿದೆ. ಅವಳು ಬ್ಯಾಗ್ ತೆಗೆದುಕೊಂಡು ಹೋದಳು, ನಾಳೆ ಬರುತ್ತೇನೆ ಎನ್ನಲಿಲ್ಲ.

22 ಜುಲೈ, ಮಂಗಳವಾರ

ಸಮಿತಿ ಅಧ್ಯಯನವನ್ನು ನಿಲ್ಲಿಸಿದೆ. ಸಂಗ್ರಹಿಸಿದ ಯಾವ ಅಂಕಿಯನ್ನೂ ಬಳಸುವಂತಿಲ್ಲ. ಅವರು ಹೇಳದಿದ್ದರೂ ಬಳಸಲಾಗುತ್ತಿರಲಿಲ್ಲ. ಗಾಯ ಹೆಚ್ಚಿದ್ದವರೇ ಗುಳಿಗೆ ಹೆಚ್ಚು ನುಂಗಿದವರು. ಗ್ರಂಥಿಯನ್ನು ತಗ್ಗಿಸಿದ್ದು ಚರ್ಮದ ಸಂಕೇತವೋ ಅಂಗಡಿಯ ಪೊಟ್ಟಣವೋ ಯಾರು ಹೇಳಬಲ್ಲರು?

ವಿಯೆನ್ನಾಕ್ಕೆ ಬರೆದು ಭಾಷಣ ಹಿಂತೆಗೆದುಕೊಂಡೆ. ಎರಡು ಸಾಲು ಸಾಕಾಯಿತು.

ಆ ಮೆಡಿಕಲ್ ಶಾಪಿನ ಬಗ್ಗೆ ಔಷಧ ನಿಯಂತ್ರಣ ಕಚೇರಿಗೂ ದೂರು ಕೊಟ್ಟು ಬಂದೆ. ಅದಕ್ಕೆ ನಾಲ್ಕು ಪುಟ ಹಿಡಿಯಿತು.

5 ಆಗಸ್ಟ್, ಮಂಗಳವಾರ

ಸಿದ್ಧಾರ್ಥ್ ಮಂಗಳವಾರದ ಬೆಳಿಗ್ಗೆಯನ್ನು ಈ ಜನರಿಗಾಗಿ ಬಿಟ್ಟುಕೊಟ್ಟಿದ್ದಾರೆ. ಔಷಧದ ಲೆಕ್ಕ ಅವರದು. ನಮ್ಮ ಲ್ಯಾಬಿನಲ್ಲಿ ಕಾರ್ಟಿಸಾಲ್ ಪರೀಕ್ಷೆ ಮಾಡಿಕೊಡುತ್ತೇನೆಂದು ಬರೆದುಕೊಟ್ಟು ಅನುಮತಿ ಪಡೆದೆ. ಇದು ಸಂಶೋಧನೆ ಅಲ್ಲ, ಯಾವ ಪತ್ರಿಕೆಯೂ ಇದನ್ನು ಅಚ್ಚು ಹಾಕುವುದಿಲ್ಲ.

ಇವತ್ತು ಒಂಬತ್ತು ಜನ ಬಂದಿದ್ದರು. ಈಶಪ್ಪನ ಮಗಳು ಹೈಸ್ಕೂಲು ಸೇರಿದಳಂತೆ. ಭರಮಪ್ಪ ಗುಳಿಗೆ ಇಳಿಸಿದ ವಾರ ಮೈಕೈ ನೋವು ಎಂದ. ಅದು ಸಹಜ, ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ ಎಂದೆ. ಒಬ್ಬಾತ ಕಾಲಿನ ಉಗುರು ತೋರಿಸಿದ. ನೋಡಿ, ಯಾವ ಕೋಣೆಗೆ ಹೋಗಬೇಕೆಂದು ಚೀಟಿ ಬರೆದುಕೊಟ್ಟೆ.

ಹನ್ನೊಂದು ಗಂಟೆಗೆ ಶಿವಾನಿ ಐಸ್ ಡಬ್ಬಿ ಹಿಡಿದುಕೊಂಡು ಬಂದಳು. ನಾನು ಕರೆದಿರಲಿಲ್ಲ. ಹೊಸ ವಿಷಯಕ್ಕೆ ಅರ್ಜಿ ಹಾಕಿದ್ದಾಳಂತೆ, ಮಾರ್ಗದರ್ಶಕಿಯ ಜಾಗದಲ್ಲಿ ಇನ್ನೂ ನನ್ನ ಹೆಸರೇ ಇದೆ ಎಂದಳು. ಪಕ್ಕದಲ್ಲಿ ಕೂತು ಬಾಟಲಿಗಳಿಗೆ ಹೆಸರು ಅಂಟಿಸತೊಡಗಿದಳು.

26 ಆಗಸ್ಟ್, ಮಂಗಳವಾರ

ಎಲ್ಲರೂ ಹೋದ ಮೇಲೆ ಚಿಕ್ಕಬೈರಪ್ಪ ಬಂದ. ಬಾಗಿಲಲ್ಲೇ ನಿಂತು ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. “ನಂದೂ ಒಂದ್ ನೋಡಿ ಮೇಡಂ. ಮಂಡಿ ನೋವಿಗೆ ಅಂತ ಕೊಟ್ಟವ್ನೆ. ಒಂದೂವರೆ ವರ್ಸ ಆಯ್ತು.”

ಹನ್ನೆರಡನೆಯವನು.

14 ಅಕ್ಟೋಬರ್, ಮಂಗಳವಾರ

ಬಸಲಿಂಗನ ಅಂಕಿ ಇನ್ನೂ ಏಳುತ್ತಿಲ್ಲ. ನಾಲ್ಕು ತಿಂಗಳು ಹತ್ತಿರವಾಯಿತು. ಕೆಲವರಿಗೆ ವರ್ಷವೇ ಹಿಡಿಯುತ್ತದೆ ಎಂದು ಪುಸ್ತಕದಲ್ಲಿದೆ, ಕೆಲವರಿಗೆ ಏಳುವುದೇ ಇಲ್ಲ ಎಂದೂ ಇದೆ. ಚಿಕ್ಕಬೈರಪ್ಪ ಅವನನ್ನು ತೊಟ್ಟಿಯಿಂದ ಪ್ಯಾಕಿಂಗಿಗೆ ಹಾಕಿದ್ದಾನೆ. ಕೈ ಗಾಯ ಮಾಯುತ್ತಿದೆ.

ಲಕ್ಷ್ಮವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಗಂಡನ ಜೀವ ಉಳಿಸಿದವರೆಂದು ಸಾಲಿನಲ್ಲಿದ್ದವರಿಗೆಲ್ಲ ನನ್ನನ್ನು ತೋರಿಸಿ ಹೇಳಿದಳು. ರೊಟ್ಟಿ ತಿಂದೆ. ಸಮಿತಿಗೆ ಹೇಳಿದ್ದೇನೆ, ನಿರ್ದೇಶಕರಿಗೆ ಹೇಳಿದ್ದೇನೆ, ವಿಯೆನ್ನಾಕ್ಕೂ ಬರೆದಿದ್ದೇನೆ. ತಪ್ಪು ನನ್ನದೆಂದು ಇವರಿಬ್ಬರಿಗೆ ಇನ್ನೂ ಹೇಳಿಲ್ಲ.

13 ಜನವರಿ 2026, ಮಂಗಳವಾರ

ಎದ್ದಿದೆ. ಬಸಲಿಂಗನ ಗ್ರಂಥಿ ಎದ್ದಿದೆ. ಬೆಳಿಗ್ಗೆ ಎಂಟರ ಅಂಕಿ ನನ್ನದಕ್ಕೂ ಶಿವಾನಿಯದಕ್ಕೂ ಸರಿಸಮ. ಶಿವಾನಿ ಎರಡು ಸಲ ಮಾಡಿ ನೋಡಿದಳು. ಸಿದ್ಧಾರ್ಥ್ ಕೊನೆಯ ಕಾಲು ಗುಳಿಗೆಯನ್ನೂ ನಿಲ್ಲಿಸಬಹುದು ಎಂದರು.

ಹೊರಗಿನ ಬೆಂಚಿನ ಮೇಲೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಅಂಕಿ ಹೇಳಿ, ಕೂಡಲೇ ಉಳಿದದ್ದನ್ನೂ ಹೇಳಿದೆ. ಜೂನ್ ಐದರಂದು ನಿಮಗೆ ಗುಳಿಗೆ ಬಿಡಿ ಎಂದವಳು ನಾನು. ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಎಂದು ಈ ಊರಿನಲ್ಲಿ ಗೊತ್ತಿದ್ದ ಕೆಲವೇ ಜನರಲ್ಲಿ ನಾನೂ ಒಬ್ಬಳು. ಯಾವ ಗುಳಿಗೆ ಎಂದು ಒಂದು ಮಾತು ಕೇಳಿದ್ದರೆ ನೀವು ಆ ಚಾಪೆಯ ಮೇಲೆ ಮಲಗುತ್ತಿರಲಿಲ್ಲ. ಕೇಳಲಿಲ್ಲ. ಆಮೇಲೆ ಏಳು ತಿಂಗಳು ಇದನ್ನು ಹೇಳಲೂ ಇಲ್ಲ.

ಬಸಲಿಂಗ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ.

“ನೀವು ಬಿಡಿಸಿದ್ದೂ ಖರೆ, ಬಂದು ಕರಕೊಂಡು ಹೋಗಿದ್ದೂ ಖರೆ,” ಎಂದ ಕೊನೆಗೆ. “ಎರಡೂ ಇರ್ಲಿ ಬಿಡ್ರಿ.”

ಲಕ್ಷ್ಮವ್ವ ನನ್ನ ಮುಖವನ್ನೂ ನೋಡಲಿಲ್ಲ. ಚೀಲವನ್ನು ಬಗಲಿಗೆ ಹಾಕಿಕೊಂಡು ಮೊದಲು ಎದ್ದವಳು ಅವಳೇ. ಆತ ಹಿಂದಿನಿಂದ ಹೋದ.

20 ಜನವರಿ, ಮಂಗಳವಾರ

ಬಸಲಿಂಗ ಬರಬೇಕಾಗಿರಲಿಲ್ಲ, ಬರಲೂ ಇಲ್ಲ. ಏಳು ಜನರನ್ನು ನೋಡಿ ಮುಗಿಸುವ ಹೊತ್ತಿಗೆ ಲಕ್ಷ್ಮವ್ವ ಒಬ್ಬಳೇ ಬಂದಳು. ನಮಸ್ಕಾರ ಮಾಡಲಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಹಿಂಡಿ ಹಿಂಡಿ ಸುರುಟಿಕೊಂಡ ಒಂದು ಮುಲಾಮಿನ ಟ್ಯೂಬನ್ನು ಮೇಜಿನ ಮೇಲಿಟ್ಟಳು. ಮನೆಮನೆಗೆ ಹೋಗಿ ಬಟ್ಟೆ ಒಗೆಯುವ ಸೋಪಿನಿಂದ ಅವಳ ಬೆರಳಸಂದುಗಳೂ ಬಿರಿದಿದ್ದವು. ಅದನ್ನು ಏಳು ತಿಂಗಳಿಂದ ನಾನು ನೋಡಿರಲಿಲ್ಲ.

“ಇದನ್ನ ಒಮ್ಮೆಲೇ ಬಿಡಬೇಕೋ, ಸಾವಕಾಶ ಬಿಡಬೇಕೋ ಹೇಳ್ರಿ,” ಎಂದಳು.

ಸಿದ್ಧಾರ್ಥ್ ಇನ್ನೂ ಹೋಗಿರಲಿಲ್ಲ, ಅವರೂ ನೋಡುತ್ತಾರೆ ಎಂದೆ. ಆಮೇಲೆ ಪುಸ್ತಕ ತೆರೆದು, ಹೆಸರು ಬರೆದುಕೊಂಡು, ಇದನ್ನು ಯಾವಾಗಿನಿಂದ ಹಚ್ಚುತ್ತಿದ್ದೀರಿ ಎಂದು ಕೇಳಿದೆ. ಅವಳು ಹೇಳತೊಡಗಿದಳು.